ಮಗಳ ಮುಖ ಕಪ್ಪಾದದ್ದೇಕೆ?

"ಅಪ್ಪ, ನಾನು ಇಷ್ಟು ಕಪ್ಪಾ?"

2003ರಲ್ಲಿ ನಾಲ್ಕನೇ ತರಗತಿಯಲ್ಲಿದ್ದ ಮಗಳು, ನಾನು ತೆಗೆದ ಫೋಟೋ ನೋಡಿ ಕೇಳಿದ ಪ್ರಶ್ನೆಯಿದು. ನಾರಾವಿಯ ನಮ್ಮ ಮನೆಯ ಸುಣ್ಣದ ಗೋಡೆಯ ಮುಂದೆ, ಬಿಳಿ ಸಮವಸ್ತ್ರದಲ್ಲಿ, ನಡುಮಧ್ಯಾಹ್ನ ನಿಲ್ಲಿಸಿ ತೆಗೆದ ಕಪ್ಪು-ಬಿಳುಪು ಚಿತ್ರವದು. ಗೋಡೆ ಬೂದು, ಅಂಗಿ ಬೂದು. ಮುಖ ಮಾತ್ರ ಮಸಿ, ಕಣ್ಣಿನ ಜಾಗದಲ್ಲಿ ಎರಡು ಗುಳಿ. ಅಂದಿನಿಂದ ಅವಳು ಕ್ಯಾಮರಾ ಕಂಡರೆ ಅಡಗಿಕೊಳ್ಳತೊಡಗಿದಳು. ವಿಜ್ಞಾನ ಪಾಠ ಮಾಡುವ ನಾನು ಕಾರಣ ಹುಡುಕಲೇಬೇಕಾಯಿತು.

ಮೀಟರಿನ ಲೆಕ್ಕ

ಕ್ಯಾಮರಾದ ಮೀಟರಿಗೆ ಮಗು ಯಾವುದು, ಗೋಡೆ ಯಾವುದು ಎಂದು ತಿಳಿಯದು. ಎದುರಿಗಿರುವುದೆಲ್ಲ ನಡುಬೂದು ಬಣ್ಣದ್ದು, ಅಂದರೆ ಸುಮಾರು ಶೇ. 18ರಷ್ಟು ಬೆಳಕನ್ನು ಪ್ರತಿಫಲಿಸುವಂಥದ್ದು ಎಂದೇ ಅದರ ಲೆಕ್ಕ. ಬಿಳಿ ಗೋಡೆ ಕಂಡಾಗ ಬೆಳಕು ಹೆಚ್ಚಾಯಿತೆಂದು ಬಗೆದು, ಕಡಿಮೆ ಬೆಳಕು ಸಾಕೆನ್ನುತ್ತದೆ. ಬಿಳುಪು ಬೂದಾಗುತ್ತದೆ, ಕಂದು ಮೈಬಣ್ಣ ಕಪ್ಪಾಗುತ್ತದೆ.

ಪರಿಹಾರ ನಿಮ್ಮ ಕೈಯಲ್ಲೇ ಇದೆ. ಮಗುವಿನ ಮುಖದ ಮೇಲಿರುವ ಬೆಳಕಿನಲ್ಲೇ ನಿಮ್ಮ ಅಂಗೈ ಹಿಡಿದು ಅಳೆಯಿರಿ. ಅಂಗೈ ನಡುಬೂದಿಗಿಂತ ಸುಮಾರು ಇಮ್ಮಡಿ ಬೆಳಕನ್ನು ಪ್ರತಿಫಲಿಸುತ್ತದೆ. ಆದ್ದರಿಂದ ಮೀಟರು 1/250 ಸೆಕೆಂಡ್ ತೋರಿಸಿದರೆ 1/125 ಇಡಿ.

ಚಾವಡಿಯೇ ಸ್ಟುಡಿಯೋ

ನೆತ್ತಿಯ ಬಿಸಿಲು ಕಣ್ಣಿನ ಗುಳಿಗೆ ನೆರಳು ತುಂಬುತ್ತದೆ. ಮಗುವನ್ನು ಚಾವಡಿಯ ಅಂಚಿನಲ್ಲಿ ಕೂರಿಸಿ, ಮುಖವನ್ನು ಅಂಗಳದ ಕಡೆ ತುಸು ತಿರುಗಿಸಿ. ನೆರಳಿನ ಬದಿಯಲ್ಲಿ ಮನೆಯವರೊಬ್ಬರು ಬಿಳಿ ಪಂಚೆ ಹಿಡಿದರೆ, ಅದರಿಂದ ಮರಳಿದ ಬೆಳಕು ಆ ಕೆನ್ನೆಯನ್ನೂ ಬೆಳಗುತ್ತದೆ. ನಮ್ಮೂರಿನ ಮಳೆಗಾಲದ ಮೋಡವಂತೂ ಆಕಾಶಕ್ಕೆ ಕಟ್ಟಿದ ಬಿಳಿ ಪರದೆ. ಮಳೆ ಬಿಟ್ಟ ಹೊತ್ತು ಮುಖದ ಚಿತ್ರಕ್ಕೆ ಬಹಳ ಒಳ್ಳೆಯದು.

ನೀವೂ ನೆಲದ ಮೇಲೆ ಕುಳಿತು ಕ್ಯಾಮರಾವನ್ನು ಮಗುವಿನ ಕಣ್ಣಿನ ಮಟ್ಟಕ್ಕೆ ತನ್ನಿ. ಹತ್ತಿರದ ಕಣ್ಣಿಗೆ ಫೋಕಸ್ ಮಾಡಿ. ಮಕ್ಕಳು ಸುಮ್ಮನಿರುವವರಲ್ಲ, 400 ವೇಗದ ಫಿಲ್ಮ್ ಹಾಕಿ, ಶಟರನ್ನು 1/125ಕ್ಕಿಂತ ನಿಧಾನ ಮಾಡಬೇಡಿ.

ಮುಖಕ್ಕೆ ಪೌಡರ್ ಬಳಿಯುವುದು ಬೇಡ. ಚಿತ್ರದಲ್ಲಿ ಮುಖವೊಂದು ಬಣ್ಣ, ಕುತ್ತಿಗೆಯೊಂದು ಬಣ್ಣವಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ತನ್ನ ಬಣ್ಣವೇ ತಪ್ಪೆಂದು ಮಗು ತಿಳಿಯುತ್ತದೆ.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ತೆಗೆದ ಮಕ್ಕಳ ಚಿತ್ರಗಳು ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರಗಳನ್ನು ನೋಡಿ. ಮಕ್ಕಳು ತಮ್ಮ ಪಾಡಿಗೆ ತಾವಿರುತ್ತಾರೆ.

ತೊಳೆಯುವಾಗ

ಡೆವಲಪರ್ ದ್ರಾವಣಕ್ಕೆ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಸೂಚಿಸುತ್ತಾರೆ. ನಮ್ಮ ಕಡೆಯ ನೀರು ಅದಕ್ಕಿಂತ ಬೆಚ್ಚಗೆ. ಉಷ್ಣತೆ ಏರಿದರೆ ರಾಸಾಯನಿಕ ಕ್ರಿಯೆಯ ವೇಗವೂ ಏರುತ್ತದೆಂದು ವಿದ್ಯಾರ್ಥಿಗಳು ಓದಿದ್ದೀರಷ್ಟೆ? ಅದೇ ವೇಳೆ ತೊಳೆದರೆ ನೆಗೆಟಿವ್ ಅತಿಯಾಗಿ ಕಪ್ಪಾಗಿ, ಮುಖದ ನಯ ಹೋಗುತ್ತದೆ. ದ್ರಾವಣದ ಬಾಟಲಿಯನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿಟ್ಟು ಥರ್ಮಾಮೀಟರಿನಿಂದ ಅಳೆಯಿರಿ.

ಇಲ್ಫೋರ್ಡ್, ಕೊಡ್ಯಾಕ್ ಕಂಪೆನಿಗಳ ಕಪ್ಪು-ಬಿಳುಪು ಫಿಲ್ಮ್ ಇಂದಿಗೂ ತಯಾರಾಗುತ್ತಿದೆ. ಫಿಲ್ಮ್ ಕ್ಯಾಮರಾ ಇಲ್ಲದವರು ಮೊಬೈಲಿನಲ್ಲೇ ಪ್ರಯೋಗ ಮಾಡಬಹುದು. ಪರದೆಯಲ್ಲಿ ಮಗುವಿನ ಮುಖದ ಮೇಲೆ ಬೆರಳೊತ್ತಿದರೆ ಅದು ಮುಖದ ಬೆಳಕನ್ನೇ ಅಳೆಯುತ್ತದೆ.

ಆ ವರ್ಷದ ಮಳೆಗಾಲದಲ್ಲಿ ಮಗಳನ್ನು ಪುಸಲಾಯಿಸಿ ಚಾವಡಿಯಲ್ಲಿ ಕೂರಿಸಿದೆ. ಅವಳಮ್ಮ ಪಂಚೆ ಹಿಡಿದಳು. ಚಿತ್ರ ಕೈಗೆ ಕೊಟ್ಟಾಗ ಮಗಳು ಬಹಳ ಹೊತ್ತು ನೋಡಿ, "ಇದು ನಾನೇ" ಎಂದಳು. ಅದು ಈಗಲೂ ಅದೇ ಚಾವಡಿಯ ಗೋಡೆಯಲ್ಲಿದೆ.