ಮುಖ ನೋಡಿ ಆಡುವ ಮಾತು

2014ರ ಜನವರಿ 29ರಂದು ದೆಹಲಿಯ ಲಾಜಪತ್ ನಗರದ ಅಂಗಡಿಯೊಂದರಲ್ಲಿ ಅರುಣಾಚಲ ಪ್ರದೇಶದ ವಿದ್ಯಾರ್ಥಿ ನಿಡೋ ತಾನಿಯಾನ ಕೂದಲನ್ನು ಕಂಡು ಕೆಲವರು ನಕ್ಕರು. ಮಾತಿಗೆ ಮಾತು ಬೆಳೆದು ಹೊಡೆತಕ್ಕೆ ತಿರುಗಿತು. ಮರುದಿನ ಆ ತರುಣನು ಮೃತಪಟ್ಟನು.

ಬಳಿಕ ಕೇಂದ್ರ ಸರಕಾರವು ನೇಮಿಸಿದ ಎಂ.ಪಿ. ಬೆಜ್‌ಬರುವಾ ಸಮಿತಿಯು ಜನಾಂಗೀಯ ನಿಂದನೆಯನ್ನು ಶಿಕ್ಷಿಸಲು ದಂಡಸಂಹಿತೆಗೆ 153-ಸಿ, 509-ಎ ಎಂಬ ಹೊಸ ಕಲಮುಗಳನ್ನು ಸೂಚಿಸಿತು. ಈಶಾನ್ಯದ ಇತಿಹಾಸವು ಪಠ್ಯದಲ್ಲಿ ಬರಬೇಕೆಂದೂ ಹೇಳಿತು. 2017ರಲ್ಲಿ ಎನ್‌ಸಿಇಆರ್‌ಟಿಯು ಆ ಭಾಗದ ಜನಜೀವನ, ಇತಿಹಾಸ, ಸಂಸ್ಕೃತಿಗಳ ಕುರಿತು ಪೂರಕ ಪುಸ್ತಕವೊಂದನ್ನು ಹೊರತಂದಿತು.

ಕಲಮು ಬರುವುದು ಅಪರಾಧ ನಡೆದ ಮೇಲೆ. ಪುಸ್ತಕವಾದರೋ ಮೊದಲೇ ಬರುತ್ತದೆ. ಆದರೆ ಈಶಾನ್ಯದ ರಾಜಧಾನಿಗಳನ್ನೆಲ್ಲ ಬಾಯಿಪಾಠ ಮಾಡಿದ ಹುಡುಗನೂ ಸಹಪಾಠಿಯ ಕಣ್ಣು ಮೂಗನ್ನು ಅಣಕಿಸಬಲ್ಲನು. ನಗುವ ಗುಂಪಿನಿಂದ ಹೊರಗೆ ನಿಲ್ಲುವುದು, ನೊಂದವನ ಪಕ್ಕದಲ್ಲಿ ಕೂರುವುದು, ತಪ್ಪೊಪ್ಪಿಕೊಂಡವನನ್ನು ಮರಳಿ ಆಟಕ್ಕೆ ಸೇರಿಸಿಕೊಳ್ಳುವುದು: ಇವೂ ಅಭ್ಯಾಸದಿಂದಲೇ ಬರುವಂಥವು. ದೆಹಲಿ ಸರಕಾರವು 2018ರಲ್ಲಿ ಆರಂಭಿಸಿದ ‘ಸಂತೋಷ ಪಠ್ಯಕ್ರಮ’ವು ಕಥೆ, ಧ್ಯಾನ, ಮಾತುಕತೆಗಳಿಗೆ ದಿನಕ್ಕೊಂದು ಅವಧಿಯನ್ನು ಮೀಸಲಿಟ್ಟಿತು, ಅದಕ್ಕೆ ಪರೀಕ್ಷೆಯಿರಲಿಲ್ಲ. ಅಂಕವಿಲ್ಲದ ಅವಧಿಯನ್ನು ಗಣಿತವು ನುಂಗಿಬಿಡುವುದು ಶಾಲೆಗಳ ಹಳೆಯ ಚಾಳಿ, ಆ ಮಾತು ಬೇರೆ.

ಉಚ್ಚಾರಣೆಗಾಗಿ ನಗೆಪಾಟಲಾಗುವುದು ಗಡಿನಾಡಿನ ಕನ್ನಡ ಮಕ್ಕಳಿಗೆ ಹೊಸದೇನಲ್ಲ. ಅದು ಮುಖಚಹರೆಯ ಅವಮಾನಕ್ಕೆ ಸಮವಲ್ಲ, ನಿಜ. ಆದರೂ ಪಾಠವನ್ನು ಅಲ್ಲಿಂದ ಆರಂಭಿಸಬಹುದು. ಕೆಲಸ ಅರಸಿ ಅಸ್ಸಾಮಿನಿಂದ ಕೇರಳಕ್ಕೆ ಬಂದ ಕೂಲಿಕಾರನ ಮಗನು ನಾಳೆ ಇದೇ ಬೆಂಚಿನಲ್ಲಿ ಕುಳಿತರೆ, ಈ ಮಕ್ಕಳು ಅವನನ್ನು ಹೆಸರು ಹಿಡಿದು ಕರೆಯುವರೇ?