ಕೂಸಿನ ವಾಂತಿ: ಕಾರಣ ಮೊದಲು ಹುಡುಕೋಣ

ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಿಂದ ಹರಿದುಬರುವ ಘಟಪ್ರಭಾ ನದಿ ಗೋಕಾಕ, ಮೂಡಲಗಿ ಭಾಗದ ಹೊಲಗಳಿಗೆ ಜೀವಾಳ. ಮಳೆಗಾಲದಲ್ಲಿ ಅದೇ ನದಿ ಉಕ್ಕಿದರೆ ಕುಡಿಯುವ ನೀರು ಕೆಡುತ್ತದೆ. 2019ರ ಆಗಸ್ಟ್‌ನಲ್ಲಿ ಗೋಕಾಕ ನಗರಕ್ಕೇ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಇಂಥ ದಿನಗಳಲ್ಲಿ ಮಗು ವಾಂತಿ ಮಾಡಿಕೊಂಡರೆ ನಮ್ಮ ಕಡೆ ಮೊದಲು ಕೇಳಿಬರುವ ಮಾತು, ‘ಕೂಸಿಗೆ ನೆದರಾಗೈತಿ’. ಉಪ್ಪು, ಮೆಣಸಿನಕಾಯಿ ನಿವಾಳಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ಪುಟ್ಟ ದೇಹದ ನೀರಿನಂಶ ಅಲ್ಲಿಯವರೆಗೆ ಕಾಯುವುದಿಲ್ಲ.

ವಾಂತಿ ರೋಗವಲ್ಲ, ರೋಗದ ಲಕ್ಷಣ. ಫ್ಯೂಸ್ ಸುಟ್ಟರೆ ಹೊಸದು ಹಾಕುವ ಮೊದಲು ತೊಂದರೆ ಎಲ್ಲಿದೆಯೆಂದು ಹುಡುಕಬೇಕೆಂದು ನಾವು ಇಂಜಿನಿಯರಿಂಗ್‌ನಲ್ಲಿ ಕಲಿಯುತ್ತೇವೆ. ಇಲ್ಲೂ ಅಷ್ಟೇ.

ಜೊತೆಗೆ ಭೇದಿಯಿದ್ದರೆ ರೋಟಾವೈರಸ್‌ನಂಥ ಸೋಂಕು, ಕೆಟ್ಟ ನೀರು ಅಥವಾ ಹಳಸಿದ ಊಟ ಕಾರಣವಿರಬಹುದು. ಜ್ವರವಿದ್ದರೆ ಮೂತ್ರದ ಸೋಂಕಿರಬಹುದು. ಕುತ್ತಿಗೆಯೂ ಬಿಗಿದಿದ್ದರೆ ಮಿದುಳು ಜ್ವರದ ಶಂಕೆ. ಬಲಗಡೆ ಕೆಳಹೊಟ್ಟೆ ನೋವು ಅಪೆಂಡಿಸೈಟಿಸ್‌ನ ಸೂಚನೆಯಾಗಬಹುದು. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರವಿದ್ದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ಬೇಕು. ತಿಂಗಳ ಆಸುಪಾಸಿನ ಹಸುಗೂಸು ಪ್ರತಿ ಸಲ ಹಾಲು ಕುಡಿದೊಡನೆ ಚಿಮ್ಮುವಂತೆ ವಾಂತಿ ಮಾಡಿದರೆ ಜಠರದ ಹೊರದಾರಿ ಕಿರಿದಾಗಿರಬಹುದು, ಅದಕ್ಕೆ ಶಸ್ತ್ರಚಿಕಿತ್ಸೆಯಿದೆ. ನಮ್ಮದು ಕಬ್ಬಿನ ಸೀಮೆ. ತಂಪುಪಾನೀಯದ ಬಾಟಲಿಯಲ್ಲಿ ಸುರಿದಿಟ್ಟ ಕೀಟನಾಶಕವನ್ನು ಮಗು ಕುಡಿದಿದ್ದರೆ ಒತ್ತಾಯದಿಂದ ವಾಂತಿ ಮಾಡಿಸಬಾರದು. ಔಷಧದ ಡಬ್ಬಿಯ ಸಮೇತ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಹಸಿರು ಬಣ್ಣದ ಅಥವಾ ರಕ್ತ ಬೆರೆತ ವಾಂತಿ, ಗುಳಿಬಿದ್ದ ಕಣ್ಣು, ತಾಸುಗಟ್ಟಲೆ ಮೂತ್ರ ನಿಲ್ಲುವುದು, ಮಂಪರು, ತಲೆಗೆ ಪೆಟ್ಟಾದ ಮೇಲಿನ ವಾಂತಿ: ಇವುಗಳಲ್ಲಿ ಒಂದು ಕಂಡರೂ ತಡಮಾಡದೆ 108ಕ್ಕೆ ಕರೆ ಮಾಡಿ.

ಸಾಮಾನ್ಯ ವಾಂತಿ-ಭೇದಿಗೆ ಓಆರ್‌ಎಸ್ ದೊಡ್ಡ ಆಸರೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬಿಸ್ ಇಂಥದೇ ಉಪ್ಪು-ಸಕ್ಕರೆ ದ್ರಾವಣದಿಂದ ಅನೇಕರ ಜೀವ ಉಳಿಸಿದರು. ಒಂದು ಲೀಟರಿನ ಪಾಕೀಟನ್ನು ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಹಾಕಿ ಕಲಸಬೇಕು. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಚಮಚದಿಂದ ನಿಧಾನವಾಗಿ ಕುಡಿಸಬೇಕು. ಎದೆಹಾಲು ನಿಲ್ಲಿಸಬಾರದು. ಹುಟ್ಟಿದ 6, 10, 14ನೇ ವಾರಗಳಲ್ಲಿ ರೋಟಾವೈರಸ್ ಲಸಿಕೆಯನ್ನು ಸರ್ಕಾರ ಉಚಿತವಾಗಿ ಹಾಕುತ್ತದೆ.

ಗೆಳೆಯರೇ, ಮನೆಯಲ್ಲಿ ಹಿರಿಯರ ಜೊತೆ ವಾದಕ್ಕಿಳಿಯುವುದು ಬೇಡ. ಅಜ್ಜಿ ದೃಷ್ಟಿ ತೆಗೆಯುವಷ್ಟರಲ್ಲಿ ನಾವು ಓಆರ್‌ಎಸ್ ಕಲಸೋಣ. ಆಶಾ ಕಾರ್ಯಕರ್ತೆಯರ ಬಳಿ ಪಾಕೀಟು ಸಿಗುತ್ತದೆ. ಇವತ್ತೇ ಒಂದು ತಂದಿಡೋಣ.