ಮನಸ್ಸು ಕದಡಿದಾಗ ಯಾರ ಬಾಗಿಲು ತಟ್ಟಬೇಕು?

ಮರದಿಂದ ಬಿದ್ದು ಕಾಲು ಮುರಿದವನನ್ನು ಎಲ್ಲಿಗೆ ಕರೆದೊಯ್ಯಬೇಕೆಂಬುದು ಹಳ್ಳಿಯ ಹುಡುಗನಿಗೂ ಗೊತ್ತು. ಹಾವು ಕಚ್ಚಿದರೆ ಏನು ಮಾಡಬೇಕೆಂಬುದನ್ನು ನಾವು ಶಾಲೆಯಲ್ಲಿಯೇ ಕಲಿತಿರುತ್ತೇವೆ. ಆದರೆ ಮೊನ್ನೆಯವರೆಗೆ ನಗುನಗುತ್ತ ಮಾತನಾಡುತ್ತಿದ್ದ ಸಹಪಾಠಿಯೊಬ್ಬನು ಮೂರು ರಾತ್ರಿ ನಿದ್ರೆಯಿಲ್ಲದೆ, ಗೋಡೆಯ ಆಚೆಯಿಂದ ಯಾರೋ ತನ್ನನ್ನು ನಿಂದಿಸುತ್ತಿದ್ದಾರೆಂದು ಹೆದರಿ, ಬಾಗಿಲು ಹಾಕಿಕೊಂಡು ಕುಳಿತನೆನ್ನೋಣ. ಆಗ ನಾವೇನು ಮಾಡಬೇಕು? ಇಲ್ಲಿ ತಿಳಿದವರೂ ತಬ್ಬಿಬ್ಬಾಗುತ್ತಾರೆ. ಕಣ್ಣೆದುರಿನ ಭಯ ಒಂದು ಕಡೆ. ನಾಲ್ಕು ಜನ ಏನೆಂದಾರೋ ಎಂಬ ಸಂಕೋಚ ಇನ್ನೊಂದು ಕಡೆ. ಇದಕ್ಕೆ ಎಷ್ಟು ಹಣ ಸುರಿಯಬೇಕೋ ಎಂಬ ಅಂಜಿಕೆ ಮತ್ತೊಂದು ಕಡೆ. ಈ ಮೂರೂ ಸೇರಿ ಬೆಲೆಬಾಳುವ ದಿನಗಳನ್ನು ನುಂಗಿಬಿಡುತ್ತವೆ. ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 2015-16ರಲ್ಲಿ ನಮ್ಮ ದೇಶದ 12 ರಾಜ್ಯಗಳಲ್ಲಿ ನಡೆಯಿತು. ಬೇರೆ ಬೇರೆ ಮನೋವ್ಯಾಧಿಗಳಿಗೆ ತುತ್ತಾದವರಲ್ಲಿ ಶೇಕಡ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿಲ್ಲವೆಂಬುದು ಅದರಿಂದ ತಿಳಿದುಬಂತು. ಹಾಗೆಂದು ಚಿಕಿತ್ಸೆ ಇಲ್ಲವೆಂದಲ್ಲ. ಅದು ದುಬಾರಿಯೆಂದೂ ಅಲ್ಲ. ಬಾಗಿಲು ಹತ್ತಿರದಲ್ಲಿಯೇ ಇದ್ದರೂ ಅದು ಎಲ್ಲಿದೆಯೆಂಬುದು ಅನೇಕರಿಗೆ ತಿಳಿಯದು.

ಒಳಗೆ ನಡೆಯುವುದೇನು?

ಮನಸ್ಸಿನ ತುರ್ತುಸ್ಥಿತಿಗಳೆಲ್ಲವೂ ಒಂದೇ ಬಗೆಯವಲ್ಲ. ಮುಖ್ಯವಾದ ಮೂರನ್ನು ಇಲ್ಲಿ ನೋಡೋಣ.

ಮೊದಲನೆಯದು ದಿಗಿಲಿನ ಹೊಡೆತ. ಕಾರಣವಿಲ್ಲದೆಯೇ ಎದೆ ಡವಗುಟ್ಟುತ್ತದೆ, ಉಸಿರು ಕಟ್ಟಿದಂತಾಗುತ್ತದೆ, ಬೆರಳುಗಳು ಜುಮ್ಮೆನ್ನುತ್ತವೆ, ಇನ್ನೇನು ಪ್ರಾಣ ಹೋಯಿತೆನ್ನಿಸುತ್ತದೆ. ಅಪಾಯ ಬಂದಾಗ ಹೋರಾಡಲು ಇಲ್ಲವೆ ಓಡಲು ದೇಹವನ್ನು ಅಣಿಗೊಳಿಸುವ ಏರ್ಪಾಡು ನಮ್ಮೆಲ್ಲರಲ್ಲಿಯೂ ಉಂಟು. ಆ ಏರ್ಪಾಡು ಅಪಾಯವಿಲ್ಲದಿರುವಾಗಲೂ ಎಚ್ಚೆತ್ತುದರ ಫಲವಿದು. ಉಸಿರಾಟ ಅತಿಯಾದಾಗ ರಕ್ತದಲ್ಲಿನ ಇಂಗಾಲದ ಡೈ ಆಕ್ಸೈಡ್ ಕಡಿಮೆಯಾಗುತ್ತದೆ. ಜುಮ್ಮೆನ್ನುವುದಕ್ಕೂ ತಲೆ ಸುತ್ತುವುದಕ್ಕೂ ಅದೇ ಕಾರಣ. ಕೆಲವು ನಿಮಿಷಗಳಲ್ಲಿ ಶಿಖರಕ್ಕೇರಿದ ಈ ಹೊಡೆತ ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಆದರೂ ಮೊದಲ ಸಲ ಹೀಗಾದಾಗ ಅದು ಹೃದಯದ ಬೇನೆಯಲ್ಲವೆಂದು ವೈದ್ಯರೇ ನೋಡಿ ಹೇಳಬೇಕು.

ಎರಡನೆಯದು ಚಿತ್ತವಿಕಲತೆ. ಇಲ್ಲದ ದನಿ ಕೇಳಿಸುತ್ತದೆ. ಎಲ್ಲರೂ ತನ್ನ ಮೇಲೆ ಸಂಚು ಹೂಡಿದ್ದಾರೆಂಬ ನಂಬಿಕೆ ಬೇರೂರುತ್ತದೆ. ಹದಿಹರೆಯದ ಕೊನೆಯಲ್ಲಿಯೂ ಇಪ್ಪತ್ತರ ಹರೆಯದಲ್ಲಿಯೂ ಇದು ಮೊದಲು ತಲೆದೋರುವುದು ಹೆಚ್ಚು. ಮಿದುಳಿನ ಜೀವಕೋಶಗಳ ನಡುವೆ ಸುದ್ದಿಯೊಯ್ಯುವ ದ್ರವ್ಯಗಳಲ್ಲಿ ಡೋಪಮೀನ್ ಎಂಬುದು ಒಂದು. ಅದರ ಹದ ತಪ್ಪಿದಾಗ, ಗಮನಿಸತಕ್ಕದ್ದು ಯಾವುದು, ಗಮನಿಸದೆ ಬಿಡತಕ್ಕದ್ದು ಯಾವುದು ಎಂಬ ವಿವೇಚನೆ ಕೆಡುತ್ತದೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಆಗ ದಾರಿಹೋಕನ ಕೆಮ್ಮೂ ಒಂದು ಸಂಕೇತವಾಗಿ ತೋರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಮ್ಮ ಹಿರಿಯರು ‘ಸನ್ನಿ’ ಎಂದು ಕರೆಯುತ್ತಿದ್ದ ಸ್ಥಿತಿಯೂ ಹೊರನೋಟಕ್ಕೆ ಹೀಗೆಯೇ ಕಾಣುತ್ತದೆ. ಮಿದುಳಿನ ಸೋಂಕು, ರಕ್ತದಲ್ಲಿ ಸಕ್ಕರೆಯ ಕೊರತೆ, ಮಾದಕ ವಸ್ತು, ದೀರ್ಘಕಾಲದ ಕುಡಿತವನ್ನು ಒಮ್ಮೆಲೇ ನಿಲ್ಲಿಸಿದುದು, ಇವೆಲ್ಲ ಅದಕ್ಕೆ ಕಾರಣವಾಗಬಲ್ಲವು. ಕೆಲವೇ ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಗೊಂದಲ ಏರಿ, ರೋಗಿಗೆ ತಾನೆಲ್ಲಿದ್ದೇನೆ, ಇದು ಹಗಲೋ ಇರುಳೋ ಎಂಬುದೇ ತಿಳಿಯದಾದರೆ, ಜ್ವರವಾಗಲಿ ಫಿಟ್ಸ್ ಆಗಲಿ ಜೊತೆಗಿದ್ದರೆ, ಅದು ಪ್ರಾಣಕ್ಕೇ ಸಂಚಕಾರ ತರುವ ದೇಹವ್ಯಾಧಿಯಾಗಿರಬಹುದು. ಆದುದರಿಂದ ಸಾಮಾನ್ಯ ಆಸ್ಪತ್ರೆಯ ಸಾಮಾನ್ಯ ವೈದ್ಯರೇ ಮೊದಲು ನೋಡುವುದು ಕಡಿಮೆ ದರ್ಜೆಯ ಉಪಾಯವಲ್ಲ; ಅದೇ ಸರಿಯಾದ ಕ್ರಮ.

ಮೂರನೆಯದು ಬದುಕೇ ಬೇಡವೆನ್ನಿಸುವ ಹತಾಶೆ. ಇದು ಗದ್ದಲ ಮಾಡದೆ ಬರುವುದುಂಟು. ಇದರ ತೀವ್ರತೆ ಅಲೆಯಂತೆ ಏರಿ ಇಳಿಯುವಂಥದು. ಅಲೆಯು ಎತ್ತರದಲ್ಲಿರುವಾಗ ಜೊತೆಗೊಬ್ಬರಿದ್ದು, ಅಪಾಯಕರವಾದ ವಸ್ತುಗಳು ಕೈಗೆ ಎಟುಕದಂತೆ ನೋಡಿಕೊಂಡರೆ ಜೀವ ಉಳಿಯುತ್ತದೆ. ‘ಸಾಯಬೇಕೆನ್ನಿಸುತ್ತಿದೆಯೇ?’ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ಹುಟ್ಟಿಸಿದಂತಾಗುವುದೆಂದು ಹಲವರು ಅಂಜುತ್ತಾರೆ. ಸಂಶೋಧನೆಗಳು ಈ ಅಂಜಿಕೆಯನ್ನು ಸಮರ್ಥಿಸುವುದಿಲ್ಲ. ಕೇಳಿದಾಗ ಒಳಗಿನ ಭಾರ ಎಷ್ಟೋ ಇಳಿಯುತ್ತದೆ. ಆದರೆ ‘ಯಾರಿಗೂ ಹೇಳಬೇಡ’ ಎಂಬ ಮಾತಿಗೆ ಮಾತ್ರ ಒಪ್ಪಿಕೊಳ್ಳಬಾರದು. ನಂಬಿಕೆಯ ಹಿರಿಯರೊಬ್ಬರಿಗೆ ತಿಳಿಸಲೇಬೇಕು.

ಮೊದಲ ಗಂಟೆಯಲ್ಲಿ

ರೋಗಿಯನ್ನು ಒಂಟಿಯಾಗಿ ಬಿಡಬಾರದು. ತಗ್ಗಿದ ದನಿಯಲ್ಲಿ, ಚಿಕ್ಕ ಚಿಕ್ಕ ಮಾತುಗಳಲ್ಲಿ ಮಾತನಾಡಬೇಕು. ಅವನಿಗೆ ಕೇಳಿಸುವ ದನಿ ಸುಳ್ಳೆಂದು ವಾದಿಸಿ ಫಲವಿಲ್ಲ, ನಿಜವೆಂದು ತಲೆದೂಗುವುದೂ ತರವಲ್ಲ; ‘ನಿನಗೆ ಬಹಳ ಭಯವಾಗಿದೆ, ನಾನು ಜೊತೆಗಿದ್ದೇನೆ’ ಎಂದರೆ ಸಾಕು. ಹತ್ತು ಜನ ಸುತ್ತುಗಟ್ಟಿ ನಿಲ್ಲುವುದು, ಹೊಡೆಯುವುದು, ಕಟ್ಟಿಹಾಕುವುದು ಭಯವನ್ನು ಇಮ್ಮಡಿಗೊಳಿಸುತ್ತವೆ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ ತಿಂಗಳಲ್ಲಿ ಬೆಂಕಿ ಹತ್ತಿಕೊಂಡಾಗ, ಸರಪಳಿಯಲ್ಲಿ ಬಂಧಿತರಾಗಿದ್ದ 25ಕ್ಕೂ ಹೆಚ್ಚು ಮನೋರೋಗಿಗಳು ಓಡಲಾರದೆ ಸತ್ತರು. ಇಂದು ಮನೋರೋಗಿಗೆ ಸರಪಳಿ ತೊಡಿಸುವುದನ್ನು ಕಾನೂನು ನಿಷೇಧಿಸಿದೆ. ದೇವರಿಗೆ ಹರಕೆ ಹೊರುವವರು ಹೊರಲಿ. ಹರಕೆ ತೀರುವವರೆಗೆ ವೈದ್ಯರನ್ನು ಕಾಯಿಸಬಾರದು, ಅಷ್ಟೆ.

ಹತ್ತಿರದ ಬಾಗಿಲುಗಳು

ಪ್ರಾಣಕ್ಕೆ ಅಪಾಯವಿದೆಯೆಂದು ಕಂಡರೆ 112ಕ್ಕಾಗಲಿ, ಆಂಬುಲೆನ್ಸಿಗಾಗಿ 108ಕ್ಕಾಗಲಿ ದೂರವಾಣಿ ಮಾಡಿ, ಹತ್ತಿರದ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಒಯ್ಯಬೇಕು. ಮನೋವೈದ್ಯರು ಅಲ್ಲಿ ಇಲ್ಲದಿದ್ದರೂ ಅಡ್ಡಿಯಿಲ್ಲ. ತುರ್ತಿನಲ್ಲಿ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಗಳವರೆಗೆ ಚಿಕಿತ್ಸೆ ನೀಡಬಹುದೆಂದು 2017ರ ಮಾನಸಿಕ ಆರೋಗ್ಯ ರಕ್ಷಣೆ ಅಧಿನಿಯಮವು ಹೇಳುತ್ತದೆ.

ಅಂಥ ಅಪಾಯವಿಲ್ಲದೆ ದಾರಿ ಮಾತ್ರ ತೋಚದಿದ್ದರೆ 14416 ಎಂಬ ಸಂಖ್ಯೆಯನ್ನು ನೆನಪಿಡಬೇಕು. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ. ಹಗಲಿರುಳೂ ನಡೆಯುತ್ತದೆ, ಕರೆಗೆ ಹಣವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಮೊದಲು ತರಬೇತಿ ಪಡೆದ ಆಪ್ತಸಲಹೆಗಾರರು ಮಾತನಾಡಿ, ಅಗತ್ಯ ಕಂಡರೆ ತಜ್ಞರಿಗೆ ಒಪ್ಪಿಸುತ್ತಾರೆ. ರೋಗಿಯೇ ಕರೆಯಬೇಕೆಂದಿಲ್ಲ, ಗೆಳೆಯನಾಗಲಿ, ವಿದ್ಯಾರ್ಥಿನಿಲಯದ ನಿಲಯಪಾಲಕರಾಗಲಿ ಕರೆದು ಸಲಹೆ ಕೇಳಬಹುದು.

ಮುಂದಿನ ಬಾಗಿಲು ಸರ್ಕಾರಿ ಆಸ್ಪತ್ರೆ. ಮನೋವೈದ್ಯವು ಜಿಲ್ಲೆಗಳಿಗೆ ಇಳಿದುಬಂದ ಕಥೆಯಲ್ಲಿ ಕರ್ನಾಟಕದ ಪಾತ್ರ ದೊಡ್ಡದು. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯೂ, ಅದರ ಬಳಿ 1954ರಲ್ಲಿ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಆಯಿತು. ಇಡೀ ನಾಡಿನ ರೋಗಿಗಳು ಒಂದೇ ಊರಿಗೆ ಬರುವುದು ಆಗದ ಮಾತೆಂದು ಕಂಡ ಅಲ್ಲಿಯ ವೈದ್ಯರು 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಹೂಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಆಯ್ದ ಕೆಲವೇ ಔಷಧಗಳಿಂದ ರೋಗಿಗಳನ್ನು ಅವರವರ ಊರಿನ ಬಳಿಯಲ್ಲಿಯೇ ಉಪಚರಿಸಿದರು. ಆ ಮಾದರಿಯನ್ನು ಅನುಸರಿಸಿ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಪ್ರಾರಂಭವಾಯಿತು. ಇಂದು ಜಿಲ್ಲಾ ಆಸ್ಪತ್ರೆಯಲ್ಲಿ ಇದರ ತಂಡವನ್ನು ಕಾಣಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಗೊತ್ತಾದ ದಿನಗಳಂದು ಮನೋವೈದ್ಯರು ನೋಡುವ ಏರ್ಪಾಡುಂಟು. ದಿನ ಯಾವುದೆಂದು ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಇವುಗಳಿಂದ ಪರಿಹಾರವಾಗದ ಜಟಿಲ ರೋಗಗಳಿಗೆ ನಿಮ್ಹಾನ್ಸ್ ಹಾಗೂ ಧಾರವಾಡದ ಡಿಮ್ಹಾನ್ಸ್ ಇದ್ದೇ ಇವೆ.

ಖರ್ಚಿನ ಮಾತು

ಮನೋರೋಗದ ಚಿಕಿತ್ಸೆ ಶ್ರೀಮಂತರ ಸೊತ್ತೆಂಬ ಭಾವನೆ ತಪ್ಪು. ರೋಗನಿರ್ಣಯದ ಮುಖ್ಯ ಸಾಧನ ಯಂತ್ರವಲ್ಲ, ತಾಳ್ಮೆಯ ಮಾತುಕತೆ. ಔಷಧಗಳಲ್ಲಿ ಅನೇಕವು ಹಳೆಯವು. ಲಿಥಿಯಮ್ಮಿನ ಗುಣವನ್ನು ಆಸ್ಟ್ರೇಲಿಯದ ಜಾನ್ ಕೇಡ್ ಪ್ರಕಟಿಸಿದುದು 1949ರಲ್ಲಿ. ಕ್ಲೋರ್‌ಪ್ರೊಮಜೀನ್ ಎಂಬ ಔಷಧವನ್ನು ಪ್ಯಾರಿಸ್ಸಿನ ಡಿಲೇ ಮತ್ತು ಡೆನಿಕರ್ ಮನೋರೋಗಿಗಳಿಗೆ ಕೊಟ್ಟು ನೋಡಿದುದು 1952ರಲ್ಲಿ. ಇಂಥವುಗಳ ಮೇಲೆ ಈಗ ಯಾರ ಪೇಟೆಂಟ್ ಹಕ್ಕೂ ಇಲ್ಲವಾದುದರಿಂದ ಬೆಲೆ ಕಡಿಮೆ. ಸರ್ಕಾರಿ ಆಸ್ಪತ್ರೆಯಲ್ಲಿ ದೊರೆಯದ ಮಾತ್ರೆಗಳನ್ನು ಜನೌಷಧಿ ಕೇಂದ್ರಗಳಲ್ಲಿ ವಿಚಾರಿಸಬಹುದು.

ಹಣವಿಲ್ಲದವರಿಗೆ ಕಾನೂನಿನ ಬೆಂಬಲವೂ ಇದೆ. ಮೇಲೆ ಹೇಳಿದ ಅಧಿನಿಯಮದಂತೆ, ಬಡತನದ ರೇಖೆಗಿಂತ ಕೆಳಗಿರುವವರಿಗೂ ನಿರ್ಗತಿಕರಿಗೂ ಸರ್ಕಾರ ನಡೆಸುವ ಅಥವಾ ಸರ್ಕಾರದ ಹಣ ಪಡೆಯುವ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಚಿಕಿತ್ಸೆ ಉಚಿತ, ಬಿ.ಪಿ.ಎಲ್. ಚೀಟಿ ಕೈಯಲ್ಲಿ ಇಲ್ಲದಿದ್ದರೂ ಈ ಹಕ್ಕು ತಪ್ಪದು. ಆರೋಗ್ಯ ವಿಮೆಯ ಕಂಪನಿಗಳು ದೇಹವ್ಯಾಧಿಗೆ ಹೇಗೋ ಹಾಗೆಯೇ ಮನೋವ್ಯಾಧಿಗೂ ವಿಮೆ ಒದಗಿಸಬೇಕು. ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗಲು ಹಿಂಜರಿಯುವವರು ಇನ್ನೊಂದು ಸಂಗತಿಯನ್ನು ತಿಳಿಯಬೇಕು: ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಸಿಕ್ಕವರೆಂದು ಭಾವಿಸಬೇಕೆನ್ನುತ್ತದೆ ಈ ಶಾಸನ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಅಂಥವರನ್ನು ದಂಡಿಸುತ್ತಿದ್ದ ಹಳೆಯ 309ನೆಯ ಕಲಮು ಉಳಿದಿಲ್ಲ.

ನಿಜವಾದ ಖರ್ಚು ಅಡಗಿರುವುದು ಬಸ್ಸಿನ ದರದಲ್ಲಿ, ತಪ್ಪಿಹೋದ ಕೂಲಿಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ತಡದಲ್ಲಿ. ಚಿತ್ತವಿಕಲತೆಗೆ ಚಿಕಿತ್ಸೆ ತಡವಾದಷ್ಟೂ ಗುಣ ನಿಧಾನವಾಗುವುದೆಂದು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ. ಆದುದರಿಂದ ಮೊದಲ ಭೇಟಿಯೇ ಸಾರ್ಥಕವಾಗುವಂತೆ ಸಿದ್ಧರಾಗಿ ಹೋಗಬೇಕು. ತೊಂದರೆ ಯಾವ ದಿನ ಮೊದಲಾಯಿತು, ನಿದ್ರೆ ಆಹಾರಗಳು ಹೇಗಿವೆ, ಜ್ವರವಾಗಲಿ ತಲೆಗೆ ಪೆಟ್ಟಾಗಲಿ ಆಗಿತ್ತೆ, ಮಾದಕ ವಸ್ತುಗಳ ಸೇವನೆ ಉಂಟೆ, ಯಾವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದಾನೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಹಳೆಯ ಔಷಧಚೀಟಿಗಳೊಡನೆ ಒಯ್ದರೆ ವೈದ್ಯರಿಗೆ ದೊಡ್ಡ ಉಪಕಾರ. ಗುಣ ಕಂಡೊಡನೆ ಮಾತ್ರೆಗಳನ್ನು ತಾನಾಗಿ ನಿಲ್ಲಿಸಿದರೆ ರೋಗ ಮರುಕಳಿಸುವುದು ಹೆಚ್ಚು. ನಿಲ್ಲಿಸುವ ಕಾಲವನ್ನು ವೈದ್ಯರೇ ಹೇಳಬೇಕು.

ಮುರಿದ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡವನನ್ನು ನಾವು ಕುತೂಹಲದಿಂದ ವಿಚಾರಿಸುತ್ತೇವೆ, ಪುಸ್ತಕದ ಚೀಲವನ್ನು ಹೊತ್ತುಕೊಡುತ್ತೇವೆ. ಮನಸ್ಸು ನೊಂದು ಚಿಕಿತ್ಸೆ ಪಡೆದು ತರಗತಿಗೆ ಮರಳಿದವನಿಗೂ ಸಲ್ಲಬೇಕಾದುದು ಅಷ್ಟೇ. ಅದಕ್ಕೆ ಹಣ ಬೇಕಾಗಿಲ್ಲ.